ಹದಿನಾಲ್ಕು ಮಂದಿ, ಒಂದು ಪಡಸಾಲೆ

ಕೊಪ್ಪಳದ ಗವಿಮಠದ ಜಾತ್ರೆಗೆ ದೂರದ ಊರು ಸೇರಿದವರೂ ಮನೆಗೆ ಬರುತ್ತಾರೆ. ತೇರು ಎಳೆದಾದ ಮೇಲೆ, ಮತ್ತೆ ಬ್ಯಾಗು ಕಟ್ಟುವ ಮೊದಲು, ಯಾರಾದರೊಬ್ಬರು ‘ಹೆಂಗೂ ಎಲ್ಲಾರೂ ಅದೀವಿ, ಒಂದ್ ಫೋಟೊ ತಗಸೋಣ’ ಅನ್ನುತ್ತಾರೆ. ಕಂಪನಿ ಕೆಲಸ ಬಿಟ್ಟು ಬಳ್ಳಾರಿ, ಕೊಪ್ಪಳದ ಕಡೆ ಭಾವಚಿತ್ರದ ಕಸುಬು ಹಿಡಿಯಬೇಕೆಂದವರಿಗೆ ಮದುವೆ ಮನೆಗಿಂತ ಇಂಥ ಒಂದು ದಿನ ಹೆಚ್ಚು ಕಲಿಸುತ್ತದೆ. ಮದುವೆಯಲ್ಲಿ ಸಾವಿರ ಫೋಟೊಗಳ ನಡುವೆ ಕೆಟ್ಟದ್ದು ಮರೆಯಾಗುತ್ತದೆ. ಇಲ್ಲಿ ಇರುವುದೇ ಒಂದು. ಅದು ಗೋಡೆ ಏರಿ ಇಪ್ಪತ್ತು ವರ್ಷ ಅಲ್ಲೇ ಇರುತ್ತದೆ.

ಹದಿನಾಲ್ಕು ಮಂದಿ, ಮೂರು ತಲೆಮಾರು, ಹಳೆಯ ಮಾಳಿಗೆ ಮನೆ. ಅಂಥ ಒಂದು ಕೆಲಸ ಹೇಗೆ ನಡೆಯುತ್ತದೆಂದು ಇಲ್ಲಿ ಬರೆದಿದ್ದೇನೆ. ಯಾವುದಕ್ಕೆ ಎಷ್ಟು ತಾಸು ಹಿಡಿಯಿತು ಎಂಬುದನ್ನು ಓದುತ್ತಲೇ ಗುರುತು ಹಾಕಿಕೊಳ್ಳಿ. ರೇಟು ನಿಲ್ಲುವುದು ಅದರ ಮೇಲೆಯೇ.

ಹಿಂದಿನ ದಿನ ಒಂದು ತಾಸು ಮನೆ ನೋಡಲು ಬೇಕು. ಕ್ಯಾಮೆರಾ ಬೇಡ, ಅಳತೆ ಟೇಪು ಸಾಕು. ಈ ಪಡಸಾಲೆ 22 ಅಡಿ ಉದ್ದ, 14 ಅಡಿ ಅಗಲ ಇದೆ. ಹಿಂದಿನ ಗೋಡೆಯಿಂದ ಎರಡಡಿ ಬಿಟ್ಟು ಮೂರು ಸಾಲು ಕೂರಿಸಿದರೆ, ಮುಂದೆ ಕ್ಯಾಮೆರಾಕ್ಕೆ ನಾಲ್ಕು ಮೀಟರ್ ಸಿಗುತ್ತದೆ. ಫುಲ್ ಫ್ರೇಮ್ (36 ಎಂಎಂ ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸು ನಾಲ್ಕು ಮೀಟರ್ ದೂರದಲ್ಲಿ 2.88 ಮೀಟರ್ ಅಗಲ ಹಿಡಿಯುತ್ತದೆ. ಒಬ್ಬರಿಗೆ ಒಂದೂವರೆ ಅಡಿಯಿಂದ ಸ್ವಲ್ಪ ಹೆಚ್ಚು ಹಿಡಿದರೆ ಸಾಲಿಗೆ ಐದು ಮಂದಿ ಸರಿಯಾಗಿ ಕೂರುತ್ತಾರೆ. ಜಾಗ ಸಾಲದೆ 35 ಎಂಎಂ ಅಥವಾ ಅದಕ್ಕೂ ಅಗಲದ ಲೆನ್ಸು ಹಾಕಿದರೆ ಅಂಚಿನಲ್ಲಿ ಕೂತವರ ಮುಖ, ತೋಳು ಹಿಗ್ಗುತ್ತವೆ. ಸಾಮಾನ್ಯವಾಗಿ ಅಂಚಿಗೆ ಕೂರುವುದು ಮನೆಯ ಅಳಿಯಂದಿರು. ಅವರ ತೂಕದ ಬಗ್ಗೆ ಮಾತು ಬರದ ಹಾಗೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ.

ಅದೇ ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ, ಫ್ರೇಮು ಯಾವ ಅಳತೆಯದು ಅನ್ನುವುದು. ಕ್ಯಾಮೆರಾದ ಚಿತ್ರ 3ಕ್ಕೆ 2ರ ಪ್ರಮಾಣದ್ದು. 12x18, 16x24 ಇಂಚಿನ ಪ್ರಿಂಟಿಗೆ ಅದು ಹಾಗೇ ಹೊಂದುತ್ತದೆ. ಮನೆಯವರು ಆಗಲೇ 16x20 ಫ್ರೇಮು ತಂದಿಟ್ಟಿದ್ದರೆ ಅದು 5ಕ್ಕೆ 4. ಆಗ ಎರಡೂ ಬದಿ ಎರಡೆರಡು ಇಂಚು ಕತ್ತರಿಸಬೇಕು. ನಮ್ಮ 2.88 ಮೀಟರ್ ಅಗಲದಲ್ಲಿ ಅದು ಬದಿಗೆ 24 ಸೆಂಟಿಮೀಟರ್ ಆಯಿತು, ಅಂದರೆ ಅಂಚಿನವರ ಅರ್ಧ ಮೈ ಹೋಯಿತು. ಮೊದಲೇ ಗೊತ್ತಿದ್ದರೆ ಸಾಲಿಗೆ ನಾಲ್ವರಂತೆ ಬಿಗಿಯಾಗಿ ಕೂರಿಸಿ, ಉಳಿದವರನ್ನು ಹಿಂದೆ ನಿಲ್ಲಿಸಿ, ಮಕ್ಕಳನ್ನು ನೆಲದ ಮೇಲೆ ಕೂರಿಸಬಹುದು.

ಗೋಡೆಯ ಬಣ್ಣವನ್ನೂ ಬರೆದಿಟ್ಟುಕೊಳ್ಳಿ. ಈ ಭಾಗದ ಬಹಳ ಮನೆಗಳಲ್ಲಿ ತಿಳಿ ಹಸಿರು ಇಲ್ಲವೇ ನೀಲಿ ಆಯಿಲ್ ಪೇಂಟು ಇರುತ್ತದೆ. ಫ್ಲ್ಯಾಶನ್ನು ಗೋಡೆಗೆ ತಿರುಗಿಸಿ ಹೊಡೆದರೆ ಮುಖದ ಮೇಲೆ ಅದೇ ಹಸಿರು ಬಂದು ಕೂರುತ್ತದೆ. ಒಂದು ಕೆನ್ನೆ ಹಸಿರು, ಬಾಗಿಲ ಕಡೆಯ ಕೆನ್ನೆ ಸರಿ ಎಂಬಂತಾದರೆ ಕಂಪ್ಯೂಟರಿನಲ್ಲೂ ಅದನ್ನು ಸುಲಭವಾಗಿ ತೆಗೆಯಲಾಗದು. ಮಾಳಿಗೆ ಮನೆಯ ಚಾವಣಿಯಂತೂ ತೊಲೆ, ಜಂತಿಗಳಿಂದ ಕಪ್ಪಾಗಿರುತ್ತದೆ. ಅಲ್ಲಿಗೆ ಹೊಡೆದ ಬೆಳಕು ತಿರುಗಿ ಬರುವುದೇ ಇಲ್ಲ. ಹಳೆಯ ವೈರಿಂಗಿನಲ್ಲಿ ಅರ್ಥಿಂಗ್ ಇರುವ ಭರವಸೆಯೂ ಇಲ್ಲ. ಹಾಗಾಗಿ ಬ್ಯಾಟರಿಯಲ್ಲಿ ನಡೆಯುವ 200 ವ್ಯಾಟ್-ಸೆಕೆಂಡ್ ಶಕ್ತಿಯ ಎರಡು ಫ್ಲ್ಯಾಶ್ ಲೈಟು, ಅವುಗಳ ಬೆಳಕು ಹರಡಲು 60 ಇಂಚಿನ ಎರಡು ಬಿಳಿ ಕೊಡೆ ಒಯ್ಯುವುದು ಕ್ಷೇಮ. ಗುಂಪಿಗೆ ಸಾಫ್ಟ್‌ಬಾಕ್ಸಿಗಿಂತ (ಲೈಟಿನ ಮುಂದೆ ಕಟ್ಟುವ ಬಟ್ಟೆಯ ಪೆಟ್ಟಿಗೆ) ಕೊಡೆ ಮೇಲು. ಅದರ ಬೆಳಕು ಅಗಲವಾಗಿ ಹರಡುತ್ತದೆ, ಬೆಲೆಯೂ ಕಡಿಮೆ.

ಬೆಳಕಿನಲ್ಲಿ ಹೊಸಬರು ಎಡವುವುದು ದೂರದ ವಿಷಯದಲ್ಲಿ. ಸ್ಟುಡಿಯೊದಲ್ಲಿ ಒಬ್ಬರ ಮುಖಕ್ಕೆ ಲೈಟನ್ನು ಒಂದು ಮೀಟರಿಗೆ ತಂದು ಅಭ್ಯಾಸ ಆಗಿರುತ್ತದೆ. ಗುಂಪಿಗೂ ಹಾಗೇ ಮಾಡಿದರೆ, ಹತ್ತಿರದ ತುದಿಯವರು ಒಂದು ಮೀಟರಿನಲ್ಲಿ, ದೂರದ ತುದಿಯವರು ಮೂರು ಮೀಟರಿನಲ್ಲಿ ಇರುತ್ತಾರೆ. ದೂರ ಮೂರು ಪಟ್ಟಾದರೆ ಬೆಳಕು ಒಂಬತ್ತನೇ ಒಂದಕ್ಕೆ ಇಳಿಯುತ್ತದೆ. ಈ ತುದಿಯಲ್ಲಿ ಮಗಳು ಸುಣ್ಣದ ಹಾಗೆ ಬೆಳ್ಳಗೆ, ಆ ತುದಿಯಲ್ಲಿ ಸೊಸೆ ಕತ್ತಲಲ್ಲಿ. ಅಂಥ ಫೋಟೊ ಮನೆಯೊಳಗೆ ಎಬ್ಬಿಸುವ ಮಾತಿಗೆ ಯಾವ ಸಾಫ್ಟ್‌ವೇರೂ ಪರಿಹಾರ ಕೊಡದು. ಲೈಟನ್ನು ಕ್ಯಾಮೆರಾದ ಸಾಲಿಗೆ ಹಿಂದಕ್ಕೆ ಎಳೆದರೆ ದೂರ ಮೂರೂವರೆ ಮತ್ತು ನಾಲ್ಕೂವರೆ ಮೀಟರ್ ಆಗಿ, ವ್ಯತ್ಯಾಸ ಒಂದು ಸ್ಟಾಪಿಗಿಂತ (ಬೆಳಕು ಇಮ್ಮಡಿ ಇಲ್ಲವೇ ಅರ್ಧ ಆಗುವಷ್ಟು ಅಂತರ) ಕಡಿಮೆಯಾಗುತ್ತದೆ. ಎರಡನೆಯ ಲೈಟು ಇನ್ನೊಂದು ಬದಿಗೆ ಬಂದರೆ ಅದೂ ಸರಿಹೋಗುತ್ತದೆ. ಹಿಂದಕ್ಕೆ ಎಳೆದಷ್ಟು ಪವರ್ ಹೆಚ್ಚು ಬೇಕು, ಕ್ಯಾಮೆರಾದ ತಲೆಗೆ ಸಿಕ್ಕಿಸುವ ಸಣ್ಣ ಹಾಟ್‌ಶೂ ಫ್ಲ್ಯಾಶ್ ಸಾಲದಾಗುವುದು ಇಲ್ಲಿಯೇ. ಪೂರ್ತಿ ಪವರಿನಲ್ಲಿ ಬೆನ್ನುಬೆನ್ನಿಗೆ ಹೊಡೆದರೆ ಅದು ಬಿಸಿಯಾಗಿ ತಾನೇ ನಿಂತುಬಿಡುತ್ತದೆ.

ಎಷ್ಟು ಎತ್ತರಕ್ಕೆ ಲೈಟು ಇಡಬೇಕು ಎನ್ನುವಾಗ ಈ ಸೀಮೆಯದೇ ಒಂದು ಫಜೀತಿ ಬರುತ್ತದೆ. ಅಜ್ಜಿ ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದಿರುತ್ತಾರೆ, ಅಜ್ಜನ ತಲೆಗೆ ರುಮಾಲು. ಪುಸ್ತಕದಲ್ಲಿ ಹೇಳಿದಂತೆ ಲೈಟನ್ನು ಎತ್ತರಿಸಿ 45 ಡಿಗ್ರಿಗೆ ಇಳಿಬಿಟ್ಟರೆ ಸೆರಗಿನ ನೆರಳು ಹುಬ್ಬಿನ ಮೇಲೆ ಬಿದ್ದು ಕಣ್ಣು ಗುಳಿಯಾಗುತ್ತವೆ. ಅವರಿಗಾಗಿ ಲೈಟು ತಗ್ಗಿಸಿದರೆ ಪಕ್ಕದಲ್ಲಿ ಕನ್ನಡಕ ಹಾಕಿದ ಮೇಷ್ಟ್ರ ಗಾಜಿನಲ್ಲಿ ಎರಡು ಬಿಳಿ ಕೊಡೆಗಳು ಕಾಣುತ್ತವೆ. ಕನ್ನಡಕಕ್ಕೆ ಎತ್ತರ ಬೇಕು, ಸೆರಗಿಗೆ ತಗ್ಗು ಬೇಕು. ಹೀಗಾಗಿ ಎತ್ತರವನ್ನು ಸೆರಗಿಗೆ ಬಿಟ್ಟುಕೊಡಿ: ಲೈಟು ಕೂತವರ ಕಣ್ಣಿಗಿಂತ ಸ್ವಲ್ಪವೇ ಮೇಲಿರಲಿ. ಎರಡೂ ಕೊಡೆಗಳನ್ನು ಗೋಡೆ ಬಿಡುವಷ್ಟು ಪಕ್ಕಕ್ಕೆ ಸರಿಸಿ, ಪ್ರತಿಬಿಂಬ ಬದಿಗೆ ಹೋಗಲಿ. ಆಮೇಲೂ ಮಿನುಗು ಉಳಿದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದು ಸೆಂಟಿಮೀಟರಿನಷ್ಟು ಎತ್ತಿಸಿ. ಗಾಜು ಕೆಳಕ್ಕೆ ವಾಲಿ ಮಿನುಗು ತಪ್ಪುತ್ತದೆ. ಕನ್ನಡಕ ತೆಗೆಸಬೇಡಿ. ನಲವತ್ತು ವರ್ಷ ಕನ್ನಡಕದಲ್ಲೇ ಕಂಡ ಮುಖ ಅದಿಲ್ಲದೆ ಬೇರೆ ಯಾರದೋ ಆಗುತ್ತದೆ, ಮೂಗಿನ ಮೇಲಿನ ಗುರುತಂತೂ ಹೋಗದು.

ಸೆಟ್ಟಿಂಗು ಬೇಗ ಮುಗಿಯುವ ಮಾತು: ಎಫ್ 8 (ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ; ಅಂಕಿ ದೊಡ್ಡದಾದಷ್ಟು ಕಿಂಡಿ ಸಣ್ಣದು), ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 400, ಶಟರ್ 1/125 ಸೆಕೆಂಡು, ಲೈಟು ಅರ್ಧ ಪವರಿನ ಆಸುಪಾಸು, ಫೋಕಸ್ಸು ನಡುವಿನ ಸಾಲಿಗೆ ಸ್ವಲ್ಪ ಮುಂಚೆ. 50 ಎಂಎಂನಲ್ಲಿ ನಾಲ್ಕು ಮೀಟರಿಗೆ ಫೋಕಸ್ ಮಾಡಿ ಎಫ್ 8 ಇಟ್ಟರೆ ಸುಮಾರು 2.9 ಮೀಟರಿನಿಂದ 6.5 ಮೀಟರಿನವರೆಗೆ ಚೊಕ್ಕವಾಗಿರುತ್ತದೆ, ಮೂರು ಸಾಲಿಗೆ ಧಾರಾಳ. ಎಫ್ 2.8ಕ್ಕೆ ಬಂದರೆ ಅದು ಒಂದು ಮೀಟರ್ ಚಿಲ್ಲರೆಗೆ ಕುಗ್ಗಿ, ಹಿಂದೆ ನಿಂತವರು ಮಸುಕಾಗುತ್ತಾರೆ. ಟ್ಯೂಬ್‌ಲೈಟು ಆರಿಸಿಬಿಡಿ, ಅದರ ಬಣ್ಣ ಫ್ಲ್ಯಾಶಿನದಕ್ಕೆ ಕೂಡದು. ಗ್ರೇ ಕಾರ್ಡು (ಬಣ್ಣ ಹೊಂದಿಸಲು ಬಳಸುವ ಬೂದು ರಟ್ಟು) ಹಿಡಿದು ಒಂದು ಫೋಟೊ ತೆಗೆದಿಟ್ಟುಕೊಂಡರೆ ಬಣ್ಣದ ತಗಾದೆ ಅಲ್ಲಿಗೇ ಮುಗಿಯಿತು.

ಬಿಳಿ ಧೋತರ, ಬಿಳಿ ಅಂಗಿ, ಹಣೆಗೆ ವಿಭೂತಿ, ಅವುಗಳ ನಡುವೆ ಬಿಸಿಲಲ್ಲಿ ದುಡಿದ ಕಂದು ಮುಖ. ಮುಖ ನೋಡಿ ಬೆಳಕು ಹೆಚ್ಚಿಸಿದರೆ ಧೋತರದ ನೆರಿಗೆಗಳೆಲ್ಲ ಅಳಿಸಿ ಬಿಳಿ ಹಾಳೆ ಅಂಟಿಸಿದಂತಾಗುತ್ತದೆ. ಸುಟ್ಟುಹೋದ ಬಿಳಿಯಲ್ಲಿ ಮಾಹಿತಿಯೇ ಉಳಿದಿರುವುದಿಲ್ಲವಾದ್ದರಿಂದ ಆಮೇಲೆ ಅದನ್ನು ಮರಳಿ ತರಲಾಗದು. ನೆರಿಗೆ ಉಳಿಯುವಷ್ಟಕ್ಕೆ ಎಕ್ಸ್‌ಪೋಷರ್ ನಿಲ್ಲಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ತಾನು ತಿದ್ದದೆ ಉಳಿಸುವ ಫೈಲು) ತೆಗೆದು, ಮುಖವನ್ನು ಮಾತ್ರ ಅರ್ಧ ಸ್ಟಾಪು ಎತ್ತಿದರೆ ಸಾಕು. ಎಣ್ಣೆ ಹಚ್ಚಿದ ಕೂದಲು, ಬೆವರಿದ ಹಣೆ ಮಿಂಚುತ್ತವೆ. ಟಿಶ್ಯೂ ಪೇಪರು, ಸ್ವಲ್ಪ ಪೌಡರು ಜೋಳಿಗೆಯಲ್ಲಿರಲಿ. ಜನವರಿಯಲ್ಲಿ ಇದು ಸಣ್ಣ ಮಾತು. 40 ಡಿಗ್ರಿ ದಾಟುವ ಬಳ್ಳಾರಿಯ ಮೇ ತಿಂಗಳಲ್ಲಿ ಇದೇ ದೊಡ್ಡ ಕೆಲಸ, ಫ್ಯಾನು ಹಾಕಿದರೆ ಸೆರಗು ಹಾರುತ್ತದೆ, ಆರಿಸಿದರೆ ಹಣೆ ಹೊಳೆಯುತ್ತದೆ.

ಕೂರಿಸುವಾಗ ಹಿರಿಯರನ್ನು ಕೊನೆಗೆ ಕರೆಯಿರಿ. ಮೊದಲು ಮೊಮ್ಮಕ್ಕಳಲ್ಲಿ ದೊಡ್ಡವರನ್ನು ಕುರ್ಚಿಯಲ್ಲಿ ಕೂರಿಸಿ ಬೆಳಕು, ಫೋಕಸ್ಸು ಎಲ್ಲ ಮುಗಿಸಿಕೊಳ್ಳಬೇಕು. ಇಲ್ಲವಾದರೆ ‘ತಮ್ಮಾ, ಇನ್ನೂ ಎಷ್ಟೊತ್ತು ಕುಂದ್ರಸ್ತಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ಬಂದ ಮೇಲೆ ಮುಖದಲ್ಲಿ ಕಳೆ ಉಳಿಯುವುದಿಲ್ಲ. ಯಾರು ಯಾರ ಪಕ್ಕ ಎಂಬುದನ್ನು ಮನೆಯ ಹಿರಿಯ ಹೆಣ್ಣುಮಗಳೊಬ್ಬರಿಗೆ ಒಪ್ಪಿಸಿ, ನೀವು ಎತ್ತರ ಮಾತ್ರ ನೋಡಿ. ಕ್ಯಾಮೆರಾ ಟ್ರೈಪಾಡಿನ ಮೇಲೆ ಅಲುಗದೆ ನಿಂತಿರಲಿ, ಕಡಿಮೆಯೆಂದರೂ ಹತ್ತು ಹನ್ನೆರಡು ಫೋಟೊ ತೆಗೆಯಿರಿ. ಹದಿನಾಲ್ಕು ಜನರಲ್ಲಿ ಒಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಕ್ಯಾಮೆರಾ ಸರಿದಿಲ್ಲವಾದರೆ ಇನ್ನೊಂದು ಫೋಟೊದ ತಲೆ ತಂದು ಕೂಡಿಸುವುದು ಹತ್ತು ನಿಮಿಷದ ಕೆಲಸ.

ಗುಂಪು ಚದುರಿದ ಕೂಡಲೇ ಹೊರಡಬೇಡಿ. ಅಜ್ಜ, ಅಜ್ಜಿಯದು ಒಂಟಿ ಫೋಟೊ ತೆಗೆಯಿರಿ, ಕೇಳದಿದ್ದರೂ. ಇದಕ್ಕೆ ಲೈಟೂ ಬೇಡ. ಜನವರಿಯಲ್ಲಿ ಉತ್ತರ ದಿಕ್ಕಿನ ಬಾಗಿಲಿಗೆ ಬಿಸಿಲು ನೇರ ಬೀಳುವುದಿಲ್ಲ. ಹೊಸ್ತಿಲಿನಿಂದ ಮೂರಡಿ ಒಳಗೆ ಕುರ್ಚಿ ಹಾಕಿ, ನೆರಳಿನ ಬದಿಗೆ ಒಂದು ಬಿಳಿ ಧೋತರ ಹಿಡಿಸಿದರೆ ಅದೇ ರಿಫ್ಲೆಕ್ಟರ್. 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದು ಎರಡು ಮೀಟರಿನಿಂದ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಅಲ್ಲಿ ಚೊಕ್ಕವಾಗಿರುವುದು ಆರು ಸೆಂಟಿಮೀಟರ್ ಮಾತ್ರ. ಮುಖ ಸ್ವಲ್ಪ ತಿರುಗಿದರೂ ದೂರದ ಕಣ್ಣು ಮಸುಕು, ಕಿವಿಯ ಬೆಂಡೋಲೆ ಮಾಯ. ಎಫ್ 4 ಇಡಿ. ಸುಕ್ಕು, ಮೂಗುತಿ, ವಿಭೂತಿ ಎಲ್ಲ ಉಳಿಯುತ್ತವೆ.

ಹೊರಗೆ ತೆಗೆಯಿರಿ ಎಂದು ಮನೆಯ ಹುಡುಗರು ಆನೆಗೊಂದಿ, ಸಾಣಾಪುರದ ಹೆಸರು ಹೇಳುತ್ತಾರೆ. ಬೆಳಗ್ಗೆ ಎಂಟರೊಳಗಾದರೆ ಹೋಗಬಹುದು, ಆಮೇಲೆ ಬಂಡೆ ಕಾಯುತ್ತದೆ, ಹಿರಿಯರಿಗೆ ಆಗದು. ಬಳ್ಳಾರಿ ಕೋಟೆಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡು ನಿಲ್ಲಿಸಲು ಮೊದಲೇ ಅನುಮತಿ ಬೇಕು. ಸಂಡೂರು, ತೋರಣಗಲ್ಲಿನ ಕಡೆ ಹೋದರೆ ಅದಿರಿನ ಕೆಂಧೂಳಿಯಲ್ಲಿ ಲೆನ್ಸು ಬದಲಿಸಲೇಬೇಡಿ. ಸೆನ್ಸರಿನ ಮೇಲೆ ಕೂತ ಧೂಳು ಸಣ್ಣ ಅಪರ್ಚರಿನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎಫ್ 16 ಇಟ್ಟು ಬರೀ ಆಕಾಶದ ಫೋಟೊ ತೆಗೆದರೆ ತಿಳಿಯುತ್ತದೆ. ಬಾಯಿಂದ ಊದಿದರೆ ಉಗುಳು ಸೇರಿ ಕೆಲಸ ಕೆಡುತ್ತದೆ, ರಬ್ಬರ್ ಬ್ಲೋವರ್ ಬಳಸಿ.

ಕಂಪ್ಯೂಟರಿನ ಮುಂದೆ ಕೂತಾಗ ಬರುವ ಬೇಡಿಕೆ ಒಂದೇ: ‘ಅಣ್ಣಾರ, ಸ್ವಲ್ಪ ಬೆಳ್ಳಗ ಮಾಡ್ರಿ.’ ಇದಕ್ಕೆ ಭಾಷಣ ಬಿಗಿಯುವುದು ವ್ಯರ್ಥ. ಮುಖದ ನೆರಳು ತಿಳಿಮಾಡಿ, ಕಣ್ಣಿನ ಸುತ್ತ ಸ್ವಲ್ಪ ಎತ್ತಿದರೆ ಕೇಳಿದವರಿಗೆ ಬೇಕಾದ ಹೊಳಪು ಬರುತ್ತದೆ. ಚರ್ಮದ ಬಣ್ಣವನ್ನೇ ಬದಲಿಸಿದರೆ ಕುತ್ತಿಗೆ, ಕೈ ಹಳೆಯ ಬಣ್ಣದಲ್ಲೇ ಉಳಿದು ಮುಖವಾಡ ಹಾಕಿದಂತಾಗುತ್ತದೆ. ಮೊಡವೆ ತೆಗೆಯಬಹುದು, ಮಚ್ಚೆ ತೆಗೆಯಬಾರದು. ಪ್ರಿಂಟು ಕಪ್ಪಾಗಿ ಬಂತು ಎಂಬ ದೂರಿನ ಮೂಲ ಬಹುತೇಕ ಮಾನಿಟರೇ. ಅದರ ಬೆಳಕನ್ನು ಪೂರ್ತಿ ಏರಿಸಿ ಕೆಲಸ ಮಾಡಿದರೆ ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಕಾಗದದ ಮೇಲೆ ಮಂಕಾಗುತ್ತದೆ. ಬೆಳಕು ತಗ್ಗಿಸಿ, ಎಸ್‌ಆರ್‌ಜಿಬಿಯಲ್ಲಿ (ಸಾಮಾನ್ಯವಾಗಿ ಬಳಕೆಯಲ್ಲಿರುವ ಬಣ್ಣದ ಮಾನದಂಡ) ಉಳಿಸಿ, ಮೊದಲು ಒಂದು ಸಣ್ಣ ಪ್ರಿಂಟು ಹಾಕಿಸಿ ನೋಡಿ. ಗಾಜಿನ ಫ್ರೇಮಿಗೆ ಗ್ಲಾಸಿ ಪ್ರಿಂಟನ್ನು ತಾಗಿಸಿ ಕೂರಿಸಿದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ನಡುವೆ ಮೌಂಟ್ ಬೋರ್ಡು (ಸುತ್ತಲೂ ಬರುವ ದಪ್ಪ ರಟ್ಟು) ಹಾಕಿಸಿ.

ಈಗ ತಾಸು ಕೂಡಿಸೋಣ. ಮನೆ ನೋಡಲು ಒಂದು, ಫೋಟೊ ತೆಗೆಯಲು ಲೈಟು ಕಟ್ಟಿ ಬಿಚ್ಚುವುದೂ ಸೇರಿ ಮೂರು, ಆರಿಸಲು ಒಂದೂವರೆ, ತಿದ್ದಲು ನಾಲ್ಕು, ಪ್ರಿಂಟು ಮತ್ತು ಫ್ರೇಮಿನ ಓಡಾಟಕ್ಕೆ ಎರಡು, ಫೋನಿಗೆ ಅರ್ಧ. ಹನ್ನೆರಡು ತಾಸಾಯಿತು. ಗಿರಾಕಿ ಕಂಡದ್ದು ಮೂರು ತಾಸು, ರೇಟು ಕೇಳುವುದೂ ಅಷ್ಟಕ್ಕೇ.

ಉದಾಹರಣೆಗೆ, ತಿಂಗಳಿಗೆ 40,000 ರೂಪಾಯಿ ಕೈಗೆ ಬೇಕು ಅನ್ನಿ. ಬಾಡಿಗೆ 8,000, ಕರೆಂಟು, ಇಂಟರ್ನೆಟ್ಟು, ಸಾಫ್ಟ್‌ವೇರಿಗೆ 4,000. ಮೂರು ಲಕ್ಷದ ಸಲಕರಣೆ ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 6,250. ವಿಮೆ, ರಿಪೇರಿಗೆ 2,750. ಒಟ್ಟು 61,000. ತಿಂಗಳಿಗೆ 200 ತಾಸು ದುಡಿದರೂ ಅರ್ಧ ಹೊತ್ತು ಲೆಕ್ಕ, ಪ್ರಚಾರ, ವಿಚಾರಣೆಗೆ ಬಂದವರ ಜೊತೆ ಮಾತಿಗೇ ಹೋಗುತ್ತದೆ. ಉಳಿದ 100 ತಾಸಿನಲ್ಲಿ ಇಂಥ ಕೆಲಸ ಎಂಟು ಮಾತ್ರ ಆಗುತ್ತದೆ. ಅಲ್ಲಿಗೆ ಒಂದಕ್ಕೆ 7,600 ರೂಪಾಯಿಯ ಮೇಲೆ, ಪ್ರಿಂಟಿನ ಖರ್ಚು ಬೇರೆ. ಪಕ್ಕದ ಓಣಿಯವರು 3,000ಕ್ಕೆ ಮಾಡುತ್ತಾರೆಂದು ನೀವೂ ಒಪ್ಪಿಕೊಂಡರೆ ಪ್ರತಿ ಫೋಟೊಕ್ಕೂ ನಿಮ್ಮ ಉಳಿತಾಯದಿಂದ ಹಣ ಕೊಟ್ಟಂತೆ. ಆಷಾಢ, ಧನುರ್ಮಾಸ, ಪಿತೃಪಕ್ಷದಲ್ಲಿ ಶುಭಕಾರ್ಯದ ಫೋಟೊಗಳು ನಿಲ್ಲುತ್ತವೆ, ಅಧಿಕಮಾಸ ಬಂದ ವರ್ಷ ಇನ್ನೊಂದು ತಿಂಗಳು ಸೇರಿಕೊಳ್ಳುತ್ತದೆ. ಹಾಗಾಗಿ ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ರಾಜೀನಾಮೆ ಬರೆಯುವುದು ದುಡುಕು.

ಬರೆಯುವ ಮೊದಲು ಕೆಲವನ್ನು ನೋಡಿಕೊಳ್ಳಿ. ಕಾಯಂ ನೌಕರಿಯಲ್ಲಿ ಐದು ವರ್ಷಕ್ಕೆ ಕೆಲವೇ ತಿಂಗಳು ಬಾಕಿ ಇದ್ದರೆ ತಡೆಯಿರಿ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ. ಅದೆಂದರೆ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಆದ್ದರಿಂದ ಅದನ್ನು ನೌಕರಿಯಲ್ಲಿದ್ದಾಗಲೇ ಮಾಡಿಸಿ. ಸಾಲ ಬೇಕಿದ್ದರೂ ಸಂಬಳದ ಚೀಟಿ ಇರುವಾಗಲೇ ಸಲೀಸು. ವಾರಾಂತ್ಯದಲ್ಲಿ ಕಸುಬು ಶುರುಮಾಡಿ ನೋಡುವುದು ಒಳ್ಳೆಯದೇ, ಆದರೆ ನೇಮಕಾತಿ ಪತ್ರದಲ್ಲಿ ಬೇರೆ ದುಡಿಮೆಗೆ ಅಡ್ಡಿ ಇದೆಯೇ ಎಂದು ಓದಿಕೊಳ್ಳಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ದುಡ್ಡು ಬೇಡ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಹಣದ ಮಾತು ಮನೆ ನೋಡಲು ಹೋದ ದಿನವೇ ಮುಗಿಯಲಿ. ಅರ್ಧ ಮುಂಗಡ, ಉಳಿದರ್ಧ ಪ್ರಿಂಟು ಕೈಗೆ ಕೊಡುವಾಗ. ಎಷ್ಟು ಫೋಟೊ ತಿದ್ದಿ ಕೊಡುತ್ತೀರಿ, ಯಾವ ಅಳತೆ, ಯಾವ ದಿನ ಎಂಬುದನ್ನು ವಾಟ್ಸಾಪಿನಲ್ಲಿ ಒಂದು ಸಲ ಬರೆದು ಕಳಿಸಿ. ಜಾತ್ರೆಗೆ ಬಂದವರು ಮರುದಿನ ರೈಲು ಹತ್ತುತ್ತಾರೆ, ಆಮೇಲೆ ದುಡ್ಡು ಯಾರು ಕೊಡಬೇಕೆಂದು ಅಣ್ಣತಮ್ಮಂದಿರಲ್ಲಿ ಚರ್ಚೆ ನಡೆದರೆ ಫ್ರೇಮು ನಿಮ್ಮ ಅಂಗಡಿಯಲ್ಲೇ ಉಳಿಯುತ್ತದೆ. ಮುಂಗಡ ಕೊಟ್ಟವರ ಹೆಸರಿಗೇ ರಸೀದಿ ಹರಿಯಿರಿ, ಬಾಕಿ ಕೇಳುವುದೂ ಅವರನ್ನೇ.