ಒಮ್ಮೆ ಡೆಂಗ್ಯೂ ಬಂದವರಿಗೆ ಮತ್ತೆ ಬರಲಿಕ್ಕಿಲ್ಲ ಅಲ್ವಾ?

ಮಂಗಳೂರಿನ ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲ ಬಂತೆಂದರೆ ಜ್ವರದವರ ಸಾಲು ಬೆಳಿಗ್ಗೆ ಏಳಕ್ಕೇ ಶುರು. ಅವರಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ: "ಅಕ್ಕ, ನನಗೆ ಒಮ್ಮೆ ಡೆಂಗ್ಯೂ ಬಂದು ಹೋಗಿದೆ. ಇನ್ನು ಬರಲಿಕ್ಕಿಲ್ಲ ಅಲ್ವಾ?"

ಬರುತ್ತದೆ. ಎರಡನೇ ಸಲದ್ದಕ್ಕೇ ಜಾಸ್ತಿ ಹೆದರಬೇಕು. ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತವರಿಗೆ ಇದನ್ನು ಪೂರ್ತಿ ಬಿಡಿಸಿ ಹೇಳಲು ಆಗುವುದಿಲ್ಲ, ಹಿಂದೆ ಇನ್ನೂ ಹತ್ತು ಜನ ನಿಂತಿರುತ್ತಾರೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮತ್ತೆ ಬರಲಿಕ್ಕಿಲ್ಲ ಅಂದುಕೊಳ್ಳುವುದು ಸಹಜವೇ. ದಡಾರ ಒಮ್ಮೆ ಬಂದರೆ ಮತ್ತೆ ಬರುವುದು ಬಹಳ ಅಪರೂಪ. ಡೆನ್ಮಾರ್ಕ್‌ಗೆ ಸೇರಿದ ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಹಬ್ಬಿತ್ತು. ಆಮೇಲೆ 65 ವರ್ಷ ಅದು ಆ ಕಡೆ ತಲೆ ಹಾಕಲಿಲ್ಲ. 1846ರಲ್ಲಿ ಮತ್ತೆ ಬಂದಾಗ ಊರಿಗೆ ಊರೇ ಮಲಗಿತು. ಅಲ್ಲಿಗೆ ಹೋಗಿದ್ದ ಪೀಟರ್ ಪಾನುಮ್ ಎಂಬ ಎಳೆ ವಯಸ್ಸಿನ ಡಾಕ್ಟರು ಗಮನಿಸಿದ್ದು ಇದು: ಚಿಕ್ಕಂದಿನಲ್ಲಿ ದಡಾರ ಬಂದಿದ್ದ ಅಜ್ಜ ಅಜ್ಜಿಯರಲ್ಲಿ ಒಬ್ಬರಿಗೂ ಈ ಸಲ ಬರಲಿಲ್ಲ. ಅಷ್ಟು ವರ್ಷ ಆ ನೆನಪು ಮೈಯಲ್ಲಿ ಎಲ್ಲಿ ಉಳಿದಿತ್ತು?

ರಕ್ತದಲ್ಲಿ, ಎಲುಬಿನ ಒಳಗಿನ ಮಜ್ಜೆಯಲ್ಲಿ. ಬಿ ಜೀವಕೋಶ, ಟಿ ಜೀವಕೋಶ ಅಂತ ಬಿಳಿ ರಕ್ತಕಣಗಳಿವೆ. ಒಂದೊಂದೂ ಗುರುತು ಹಿಡಿಯುವುದು ಒಂದೊಂದು ಆಕಾರವನ್ನು ಮಾತ್ರ. ಹೊಸ ವೈರಸ್ ಒಳಗೆ ಬಂದಾಗ ಅದಕ್ಕೆ ಹೊಂದುವ ಕಣ ಎಲ್ಲೋ ಕೆಲವೇ ಕೆಲವು ಇರುತ್ತವೆ. ಅವು ಸಿಕ್ಕಿ, ಎರಡಾಗಿ, ನಾಲ್ಕಾಗಿ, ಲಕ್ಷಗಟ್ಟಲೆ ಆಗುವಷ್ಟರಲ್ಲಿ ಹತ್ತಿರ ಹತ್ತಿರ ಒಂದು ವಾರ ಹೋಗುತ್ತದೆ, ಆ ವಾರವೆಲ್ಲ ನಾವು ಹೊದ್ದು ಮಲಗಿರುತ್ತೇವೆ. ಬಿ ಕಣಗಳು ಆಂಟಿಬಾಡಿ ಎಂಬ ಪ್ರೋಟೀನ್ ಬಿಡುತ್ತವೆ, ಅದು ವೈರಸ್ಸಿಗೆ ಅಂಟಿಕೊಂಡು ಹೊಸ ಕಣದ ಒಳಗೆ ಹೋಗದಂತೆ ತಡೆಯುತ್ತದೆ. ಟಿ ಕಣಗಳಲ್ಲಿ ಕೆಲವು ವೈರಸ್ ಹೊಕ್ಕ ಜೀವಕೋಶಗಳನ್ನೇ ಕೊಲ್ಲುತ್ತವೆ. ಕೆಲಸ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ಮಾತ್ರ ವರ್ಷಗಟ್ಟಲೆ ಉಳಿಯುತ್ತವೆ. ಅದೇ ವೈರಸ್ ಮತ್ತೆ ಬಂದರೆ ಈ ಸಲ ವಾರ ಬೇಕಾಗುವುದಿಲ್ಲ.

ಆದರೆ ಈ ನೆನಪು ಕಾಯಿಲೆಯ ಹೆಸರಿನದ್ದಲ್ಲ, ವೈರಸ್‌ನ ಮೈಮೇಲಿನ ಆಕಾರದ್ದು. ಡೆಂಗ್ಯೂ ಅಂತ ಒಂದೇ ಹೆಸರು ಇಟ್ಟದ್ದು ನಾವು. ಮೈಗೆ ಅದು ನಾಲ್ಕು ಬೇರೆ ಬೇರೆ ವೈರಸ್. ಒಂದನೇ ಬಗೆ ಬಂದು ಹೋದರೆ ಆ ಬಗೆಯಿಂದ ಬಹಳ ಕಾಲದ ರಕ್ಷಣೆ ಸಿಗುತ್ತದೆ, ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ.

ಅದಾದ ಮೇಲೆ ಎರಡನೇ ಬಗೆ ಬಂತು ಅಂತ ಇಟ್ಟುಕೊಳ್ಳಿ. ಹಳೆಯ ಆಂಟಿಬಾಡಿಗೆ ಇದು ಸ್ವಲ್ಪ ಪರಿಚಯದ ಮುಖ. ಹೋಗಿ ಅಂಟಿಕೊಳ್ಳುತ್ತದೆ, ಆದರೆ ಪೂರ್ತಿ ಕಟ್ಟಿಹಾಕಲು ಆಗುವುದಿಲ್ಲ. ಆಂಟಿಬಾಡಿ ಅಂಟಿದ್ದನ್ನು ನುಂಗಿ ಮುಗಿಸುವ ಕೆಲವು ಬಿಳಿ ಕಣಗಳಿವೆ. ಅವು ಇದನ್ನೂ ನುಂಗುತ್ತವೆ. ಡೆಂಗ್ಯೂ ವೈರಸ್ ಬೆಳೆಯುವುದು ಅದೇ ಕಣಗಳ ಒಳಗೆ! ಅಂದರೆ ಕಾಯಬೇಕಾದ ಆಂಟಿಬಾಡಿಯೇ ಅದನ್ನು ಕೈಹಿಡಿದು ಮನೆಯೊಳಗೆ ಬಿಟ್ಟ ಹಾಗೆ. ವೈರಸ್ ಒಮ್ಮೆಲೇ ಹೆಚ್ಚುತ್ತದೆ, ಅದಕ್ಕೆ ಮೈ ಕೊಡುವ ಉತ್ತರವೂ ಅಷ್ಟೇ ಜೋರಾಗುತ್ತದೆ, ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ, ರಕ್ತದ ನೀರಿನ ಅಂಶ ಹೊಟ್ಟೆಗೆ, ಎದೆಗೆ ಇಳಿಯುತ್ತದೆ, ಬಿ.ಪಿ. ಬೀಳುತ್ತದೆ.

ಕ್ಯೂಬಾದಲ್ಲಿ ಇದು ಕಣ್ಣಿಗೆ ಹೊಡೆಯುವಂತೆ ಕಂಡಿತು. 1977ರಲ್ಲಿ ಅಲ್ಲಿ ಒಂದನೇ ಬಗೆಯ ಡೆಂಗ್ಯೂ ಹಬ್ಬಿತು, ಹೆಚ್ಚಿನವರಿಗೆ ಸಾಧಾರಣ ಜ್ವರವಷ್ಟೇ. 1981ರಲ್ಲಿ ಎರಡನೇ ಬಗೆ ಬಂತು. 158 ಜನ ಸತ್ತರು, ಅವರಲ್ಲಿ 101 ಮಕ್ಕಳು.

ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳಲು ನನ್ನ ತಮ್ಮ ಕಾರಣ. ಫ್ಲ್ಯಾಟ್ ಕಟ್ಟುವಲ್ಲಿ ವೈರಿಂಗ್ ಕೆಲಸ ಅವನದ್ದು. 2019ರ ಮಳೆಗಾಲದಲ್ಲಿ ಮಂಗಳೂರಿನಲ್ಲಿ ಡೆಂಗ್ಯೂ ಜೋರಾಗಿತ್ತಲ್ಲ, ಆಗ ಅವನಿಗೂ ಬಂದಿತ್ತು. ಐದು ದಿನ ಜ್ವರ, ಮತ್ತೆ ಕೆಲಸಕ್ಕೆ ಹೋದ. ನಾಲ್ಕು ವರ್ಷ ಬಿಟ್ಟು ಮತ್ತೆ ಜ್ವರ ಬಂದಾಗ "ಡೆಂಗ್ಯೂ ಆಗಿರಲಿಕ್ಕಿಲ್ಲ ಮಾರಾಯ್ತಿ, ಒಮ್ಮೆ ಬಂದಾಗಿದೆ" ಅಂತ ಮನೆಯಲ್ಲೇ ಮಲಗಿದ. ಐದನೇ ದಿನ ಜ್ವರ ಬಿಟ್ಟಿತು. ಅಮ್ಮನಿಗೆ ಸಮಾಧಾನ, ಗಂಜಿ ಕೊಟ್ಟರು. ಸಂಜೆಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ನಾನು ಕೆಲಸ ಮುಗಿಸಿ ಬಂದು ಅವನ ಕೈ ಮುಟ್ಟಿದ್ದು ಇವತ್ತಿಗೂ ನೆನಪಿದೆ. ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ ಹಾಕಿಸಿಕೊಂಡು ಉಳಿದ.

ಡೆಂಗ್ಯೂನಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ರಕ್ತನಾಳ ಸೋರುವುದು ಆಗಲೇ. ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಅದರ ಜೊತೆ ಡಾಕ್ಟರು ನೋಡುವ ಇನ್ನೊಂದು ಅಂಕಿ ಪಿಸಿವಿ. ನೀರಿನ ಅಂಶ ಸೋರಿ ರಕ್ತ ಗಟ್ಟಿಯಾಗುತ್ತಿದೆಯಾ ಅಂತ ಹೇಳುವುದು ಅದು. ಇನ್ನೊಂದು ಮಾತು, ಮೈಕೈ ನೋವಿಗೆ ಅಂತ ಬ್ರೂಫೆನ್, ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವದ ಭಯ ಹೆಚ್ಚುತ್ತದೆ.

ಇಮ್ಯುನಿಟಿ ಜಾಸ್ತಿ ಮಾಡುವ ಪುಡಿ, ಬಾಟಲಿಗಳ ಜಾಹೀರಾತು ನೋಡಿದರೆ ನನಗೆ ಸಿಟ್ಟು ಬರುವುದು ಇದಕ್ಕೇ. ತಮ್ಮನ ಮೈಯಲ್ಲಿ ಶಕ್ತಿ ಕಡಿಮೆ ಇತ್ತು ಅಂತಲ್ಲ. ಗಟ್ಟಿಮುಟ್ಟಾದ ಹುಡುಗ. ಆಟಿ ಅಮಾವಾಸ್ಯೆಗೆ ನಾವೂ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತೇವೆ, ಅದು ನಮ್ಮ ಪದ್ಧತಿ, ಬಿಡುವುದಿಲ್ಲ. ಕುಡಿದ ಕಾರಣಕ್ಕೆ ಜ್ವರವನ್ನು ಹಗುರವಾಗಿ ತೆಗೆದುಕೊಳ್ಳುವುದು ಮಾತ್ರ ಬೇಡ.

ಬೇರೆ ಜ್ವರಗಳ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ, ಒಂದೊಂದಕ್ಕೆ ಒಂದೊಂದು ಉತ್ತರ. ಇಲಿ ಜ್ವರದ ಬ್ಯಾಕ್ಟೀರಿಯಾದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆ ಇವೆ, ಹಾಗಾಗಿ ಗದ್ದೆಗೆ ಇಳಿಯುವವರಿಗೆ ಮತ್ತೆ ಬರಬಹುದು. ಚಿಕನ್‌ಪಾಕ್ಸ್ ವೈರಸ್ ಹೋಗುವುದೇ ಇಲ್ಲ, ನರದ ಬುಡದಲ್ಲಿ ಸುಮ್ನೆ ಮಲಗಿರುತ್ತದೆ. ಟಿ ಕಣಗಳ ಕಾವಲು ವಯಸ್ಸಾದ ಮೇಲೆ ಸಡಿಲವಾದಾಗ ಎದ್ದು ಸರ್ಪಸುತ್ತು ಆಗುತ್ತದೆ. ಮಂಗಳೂರಿನಲ್ಲಿ ಹೆಚ್ಚು ಕಾಣುವ ವೈವಾಕ್ಸ್ ಮಲೇರಿಯಾ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ ಅಡಗಿ, ವಾರಗಳೋ ತಿಂಗಳುಗಳೋ ಬಿಟ್ಟು ಸೊಳ್ಳೆ ಕಚ್ಚದೆಯೂ ಮರಳಿ ಬರುತ್ತದೆ. 14 ದಿನದ ಪ್ರೈಮಾಕ್ವಿನ್ ಮಾತ್ರೆ ಕೊಡುವುದು ಆ ಅಡಗಿದ್ದಕ್ಕೆ. ಜ್ವರ ಬಿಟ್ಟಿತು ಅಂತ ಐದನೇ ದಿನಕ್ಕೇ ನಿಲ್ಲಿಸುವವರು ಎಷ್ಟೋ ಜನ.

ಒಮ್ಮೆ ಡೆಂಗ್ಯೂ ಬಂದವರು ಹಳೆಯ ರಿಪೋರ್ಟ್ ಎಸೆಯಬೇಡಿ. ಎರಡನೇ ಸಲದ್ದರಲ್ಲಿ ಎನ್‌ಎಸ್‌1 (ರಕ್ತದಲ್ಲಿ ಡೆಂಗ್ಯೂ ವೈರಸ್‌ನ ಪ್ರೋಟೀನ್ ಹುಡುಕುವ ಪರೀಕ್ಷೆ) ಡೆಂಗ್ಯೂ ಇದ್ದರೂ ನೆಗೆಟಿವ್ ಬರುವ ಸಾಧ್ಯತೆ ಜಾಸ್ತಿ, ಹಳೆಯ ರಿಪೋರ್ಟ್ ಕಂಡರೆ ಡಾಕ್ಟರು ಅಷ್ಟಕ್ಕೇ ಬಿಡುವುದಿಲ್ಲ. ತಮ್ಮ ಈಗ ಎರಡೂ ರಿಪೋರ್ಟ್ ಒಂದೇ ಫೈಲ್‌ನಲ್ಲಿ ಇಟ್ಟಿದ್ದಾನೆ. ಹೋದ ಮಳೆಗಾಲದಲ್ಲಿ ಮೈ ಬಿಸಿಯಾದ ಮೊದಲ ದಿನವೇ ಅದನ್ನು ಹಿಡಿದುಕೊಂಡು ಲ್ಯಾಬ್‌ಗೆ ಬಂದ. ಈ ಸಲ ಮಲೇರಿಯಾ. 14 ಮಾತ್ರೆಯನ್ನೂ ಅಮ್ಮ ಎಣಿಸಿ ಕೊಟ್ಟರು.