ಬೆನ್ನ ಮೇಲೆ ಏಳು ಕೆಜಿ ರಾಗಿ

ದಿನಬಳಕೆಗೋ, ವ್ಯಾಯಾಮಕ್ಕೆಂದು ಭಾರ ಹೊತ್ತು ನಡೆಯುವುದಕ್ಕೋ ಮಿಲಿಟರಿ ಮಾದರಿಯ ಬ್ಯಾಗು ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಒಳಮೈ ತಿರುವಿ, ಹೆಗಲಪಟ್ಟಿಯ ಬುಡ ನೋಡಿ. ಚೌಕದೊಳಗೆ ಕತ್ತರಿ ಗುರುತಿನ ಹೊಲಿಗೆಯೋ ಒತ್ತೊತ್ತಾದ ಬಾರ್‌ಟ್ಯಾಕ್ ಹೊಲಿಗೆಯೋ ಇದ್ದರೆ ಸರಿ. ಒಂಟಿ ಹೊಲಿಗೆಯ ಬ್ಯಾಗು ಪುಸ್ತಕಕ್ಕೆ ಸಾಕು, ಭಾರಕ್ಕಲ್ಲ. 1000 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನಿನ ಬ್ಯಾಗು ಖಾಲಿಯಿದ್ದಾಗಲೇ ತೂಕ. ದಿನಬಳಕೆಗೆ 500 ಧಾರಾಳ. ಮುಂಭಾಗದ ಮಾಲಿ (MOLLE) ಪಟ್ಟಿಗಳು, ಅಂದರೆ ಪೌಚ್ ಎಂಬ ಪುಟ್ಟ ಚೀಲ ಸಿಕ್ಕಿಸುವ ಅಡ್ಡಪಟ್ಟಿಗಳು, ಒಂದಿಂಚು ಅಗಲವಿದ್ದು, ಒಂದೂವರೆ ಇಂಚಿಗೊಂದು ಹೊಲಿಗೆ ಬಿದ್ದಿದ್ದರೆ ಮಾತ್ರ ಬೇರೆ ಕಂಪನಿಯ ಪೌಚ್ ಕೂರುತ್ತದೆ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗುವವರಿಗೆ ಈ ಪೌಚ್‌ಗಳ ಸಹವಾಸವೇ ಬೇಡ, ಬಾಗಿಲ ನೂಕುನುಗ್ಗಲಲ್ಲಿ ಯಾರದೋ ದುಪಟ್ಟಾ ಸಿಕ್ಕಿಕೊಂಡೀತು.

ಇನ್ನು ಭಾರ. ಮೈತೂಕದ ಹತ್ತರಲ್ಲೊಂದು ಪಾಲಿನಿಂದ ಶುರು ಮಾಡಿ. 70 ಕೆಜಿಯವರಿಗೆ 7. ವಾರಕ್ಕೆರಡು ಸಲ, ಅರ್ಧ ಗಂಟೆ, ತುಮಕೂರಿನ ಅಮಾನಿಕೆರೆ ದಂಡೆಯಂಥ ಸಮತಟ್ಟು ಜಾಗದಲ್ಲಿ ನಡೆಯಿರಿ. ಮೊದಲು ದೂರ ಹೆಚ್ಚಿಸಿ, ಆಮೇಲೆ ತೂಕ. ಎರಡನ್ನೂ ಒಂದೇ ವಾರ ಏರಿಸಿದರೆ ಮೊಣಕಾಲು ಲೆಕ್ಕ ಕೇಳುತ್ತದೆ.

ಬಹಳ ಜನ ಮರಳು ತುಂಬುತ್ತಾರೆ. 7 ಕೆಜಿ ಒಣಮರಳು ಹಿಡಿಯುವುದು ನಾಲ್ಕೂವರೆ ಲೀಟರ್ ಜಾಗ ಅಷ್ಟೇ. ಅದು ತಳಕ್ಕಿಳಿದು ಬೆನ್ನನ್ನು ಹಿಂದಕ್ಕೆಳೆಯುತ್ತದೆ, ಸರಿದೂಗಿಸಲು ನೀವು ಮುಂದಕ್ಕೆ ಬಾಗುತ್ತೀರಿ, ಸಂಜೆಗೆ ನಡುನೋವು. ಅಷ್ಟೇ ತೂಕದ ರಾಗಿಗೆ ಒಂಬತ್ತು ಲೀಟರ್ ಬೇಕು, ಹಾಗಾಗಿ ಬೆನ್ನುದ್ದಕ್ಕೂ ಹರಡಿ ಕೂರುತ್ತದೆ. ನಮ್ಮ ಕಡೆ ಮನೆಯಲ್ಲೇ ಇರುತ್ತದೆ, ಬೇಸರ ಬಂದರೆ ಮಿಲ್ಲಿಗೂ ಹಾಕಿಸಬಹುದು! ಎರಡು ದಪ್ಪ ಕವರು ಒಂದರೊಳಗೊಂದಿಟ್ಟು ಬಿಗಿಯಾಗಿ ತುಂಬಿ, ಟೇಪು ಸುತ್ತಿ. ಬ್ಯಾಗಿನ ತಳಕ್ಕೆ ಮಡಿಸಿದ ಹಳೇ ಕಂಬಳಿ, ಅದರ ಮೇಲೆ ರಾಗಿ, ಲ್ಯಾಪ್‌ಟಾಪ್ ಇಡುವ ಕಡೆಗೆ, ಬೆನ್ನಿಗೆ ಒತ್ತಿಕೊಂಡಂತೆ. ನಿಂತಲ್ಲೇ ಎರಡು ಸಲ ಹಾರಿ ನೋಡಿ. ಕುಲುಕಿದರೆ ಸಂದಿಗೆ ಟವೆಲ್ ತುರುಕಿ. ಅಲುಗುವ ಭಾರವೇ ಹೆಗಲು ಉಜ್ಜಿ ಗಾಯ ಮಾಡುವುದು.

ಕೈಬೆರಳು ಜೋಮು ಹಿಡಿದರೆ ಪಟ್ಟಿ ಹೆಗಲಿನ ನರ ಒತ್ತುತ್ತಿದೆ ಎಂದರ್ಥ. ಅವತ್ತಿಗೆ ಬ್ಯಾಗು ಇಳಿಸಿ. ಮುಂದಿನ ಸಲ ಅಗಲ ಪಟ್ಟಿ, ಕಡಿಮೆ ತೂಕ.

ಕೋಲಾರದ ಅಂತರಗಂಗೆಯಲ್ಲಾಗಲಿ, ಸುಲ್ತಾನ್‌ಪೇಟೆ ಕಡೆಯಿಂದ ನಂದಿಬೆಟ್ಟಕ್ಕಾಗಲಿ ಮೆಟ್ಟಿಲು ಹತ್ತುವ ದಿನ ರಾಗಿ ಬಿಟ್ಟು ನೀರು ಒಯ್ಯಿರಿ. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ಪೆಟ್ಟು ತಿನ್ನುವುದು ಮೊಣಕಾಲು. ಐದು ಲೀಟರ್ ನೀರು ಐದು ಕೆಜಿ; ಬಾಟಲಿ ಕುತ್ತಿಗೆಮಟ್ಟ ತುಂಬಿದರೆ ಕುಲುಕುವುದಿಲ್ಲ. ಮೇಲೆ ಯಾವುದಾದರೂ ಗಿಡಕ್ಕೆ ಸುರಿದು, ಕುಡಿಯುವಷ್ಟು ಉಳಿಸಿಕೊಂಡು, ಖಾಲಿ ಬಾಟಲಿಗಳ ಸಮೇತ ಇಳಿಯಿರಿ. ಜಿಪ್ ಪೂರ್ತಿ ಎಳೆದಿರಲಿ, ಎರಡೂ ಕಡೆ ಕೋತಿಗಳ ಕಾಟವಿದೆ.