ಆಟಿ ಅಮಾವಾಸ್ಯೆಯ ಎರಡು ಗುಡ್ಡೆಗಳು

ಕಂಪ್ಯೂಟರ್ ಪರದೆಯ ಮೇಲೆ ಎರಡು ಗುಡ್ಡೆಗಳು. ಅಕ್ಕಪಕ್ಕ, ಅವಳಿಗಳ ಹಾಗೆ. ಕೆಳಗೆ ಅಂಕಿ: 50.1 ಮತ್ತು 49.9. ನನ್ನ ಬಾಯಲ್ಲಿ ಇನ್ನೂ ಬೆಳಗಿನ ಪಾಲೆ ಮದ್ದಿನ ಕಹಿ ಇತ್ತು. ಅಮ್ಮ ಕೊಟ್ಟ ಮೆಂತೆ ಗಂಜಿಯಿಂದಲೂ ಅದು ಹೋಗಿರಲಿಲ್ಲ.

ಇದು ಆರನೇ ಸಲ. ಆರು ವಾರ, ಆರು ರಿಯಾಕ್ಷನ್, ಆರು ಜೋಡಿ ಗುಡ್ಡೆ.

ನಾನು ಆಗ ಮಂಗಳೂರಿನ ಹೊರವಲಯದ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಯ ಎರಡನೇ ವರ್ಷದಲ್ಲಿದ್ದೆ. ಕೆಲಸ ಏನು ಅಂತ ನೆಂಟರು ಕೇಳಿದರೆ ಕೈ ತೋರಿಸಿ ಹೇಳುತ್ತಿದ್ದೆ. ಎಡಗೈ, ಬಲಗೈ ಎರಡಕ್ಕೂ ಐದೇ ಬೆರಳು, ಆದರೆ ಒಂದರ ಮೇಲೊಂದು ಇಟ್ಟರೆ ಕೂರುವುದಿಲ್ಲ. ಕೆಲವು ಅಣುಗಳೂ ಹಾಗೆ, ಒಂದು ಇನ್ನೊಂದರ ಕನ್ನಡಿ ಬಿಂಬ. (ಗ್ಲೌಸಿನ ಉದಾಹರಣೆ ಕೊಡಲು ಹೋಗಿ ಒಮ್ಮೆ ಸಿಕ್ಕಿಬಿದ್ದಿದ್ದೆ. ಲ್ಯಾಬಿನ ನೈಟ್ರೈಲ್ ಗ್ಲೌಸ್ ಎರಡೂ ಕೈಗೆ ಆಗುತ್ತದೆ! ಅಂದಿನಿಂದ ಚಪ್ಪಲಿ ಅನ್ನುತ್ತೇನೆ.) ಸಾಮಾನ್ಯ ರಿಯಾಕ್ಷನ್ ಮಾಡಿದರೆ ಎಡಗಾಲಿನ ಚಪ್ಪಲಿ ಅರ್ಧ, ಬಲಗಾಲಿನದ್ದು ಅರ್ಧ ಬರುತ್ತದೆ. ಇದಕ್ಕೆ ರೇಸಿಮಿಕ್ ಅಂತ ಹೆಸರು. ಪರದೆಯ ಮೇಲಿನ ಎರಡು ಗುಡ್ಡೆ ಅಂದರೆ ಇದೇ, ಎಡದ್ದಕ್ಕೊಂದು, ಬಲದ್ದಕ್ಕೊಂದು. ಒಂದೇ ಕಾಲಿನದ್ದು ಬರುವಂತೆ ಮಾಡುವುದೇ ಅಸಿಮ್ಮೆಟ್ರಿಕ್ ಸಿಂಥೆಸಿಸ್.

ಇಲ್ಲಿಗೆ ಬಂದ ಕೂಡಲೇ ಎಲ್ಲರೂ ಥಾಲಿಡೊಮೈಡ್ ಕಥೆ ತೆಗೆಯುತ್ತಾರೆ. ಒಂದು ಕೈಯ ಅಣು ಮದ್ದು, ಇನ್ನೊಂದು ವಿಷ ಅಂತ. ನನಗೆ ಆ ಕಥೆ ಅಷ್ಟು ಇಷ್ಟವಿಲ್ಲ. ಅದರ ಒಂದೇ ಕೈಯನ್ನು ಕೊಟ್ಟರೂ ಮೈಯೊಳಗೆ ಹೋದ ಮೇಲೆ ಅದು ಇನ್ನೊಂದು ಕೈಗೆ ಬದಲಾಗುತ್ತದೆ. ನನಗೆ ಎಲ್-ಡೋಪಾ ಕಥೆಯೇ ವಾಸಿ. ಪಾರ್ಕಿನ್ಸನ್ ಕಾಯಿಲೆಯ ಈ ಔಷಧಿ ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲೇ ಇದೆ. ಚಿಕ್ಕವರಿದ್ದಾಗ ಅದರ ಕಾಯಿ ತಾಗಿ ತುರಿಸಿಕೊಂಡು ಅತ್ತವರು ಎಷ್ಟು ಜನ ಇಲ್ಲ! ಅದನ್ನೇ ಕಾರ್ಖಾನೆಯಲ್ಲಿ ಬೇಕಾದ ಕೈಯಲ್ಲೇ ಮಾಡುವ ದಾರಿ ಕಂಡುಕೊಂಡವರು ವಿಲಿಯಂ ನೋಲ್ಸ್. 2001ರ ನೊಬೆಲ್ ಅವರಿಗೆ, ಜಪಾನಿನ ರ‍್ಯೋಜಿ ನೊಯೊರಿಗೆ ಮತ್ತು ಬ್ಯಾರಿ ಶಾರ್ಪ್‌ಲೆಸ್‌ಗೆ ಸೇರಿ ಬಂತು.

ನನ್ನ ತಲೆನೋವು ಈ ಶಾರ್ಪ್‌ಲೆಸ್ ಅವರದ್ದು. 1980ರಲ್ಲಿ ಅವರೂ ಕಾತ್ಸುಕಿ ಅವರೂ ಸೇರಿ ಪ್ರಕಟಿಸಿದ ಎಪಾಕ್ಸಿಡೇಶನ್, ಅಂದರೆ ಅಣುವಿಗೆ ಒಂದು ಆಮ್ಲಜನಕ ಸೇರಿಸುವ ರಿಯಾಕ್ಷನ್. ಟೈಟಾನಿಯಂ ಐಸೊಪ್ರೊಪಾಕ್ಸೈಡ್, ಡೈಈಥೈಲ್ ಟಾರ್ಟ್ರೇಟ್, ಒಂದು ಪೆರಾಕ್ಸೈಡ್, ಅಷ್ಟೇ ಸಾಮಾನು. ಟೈಟಾನಿಯಂಗೆ ಎಡಬಲ ಗೊತ್ತಿಲ್ಲ. ಅದಕ್ಕೆ ಕೈ ಕಲಿಸುವುದು ಟಾರ್ಟ್ರೇಟ್. ಟಾರ್ಟಾರಿಕ್ ಆಮ್ಲ ಅಂದರೆ ನಮ್ಮ ಹುಣಸೆಯ ಹುಳಿ. ಹುಣಸೆ ಮರ ಅದನ್ನು ಒಂದೇ ಕೈಯಲ್ಲಿ ಮಾಡುತ್ತದೆ. ಅದರಿಂದ ಮಾಡಿದ ಟಾರ್ಟ್ರೇಟ್ ಚಿಟಿಕೆಯಷ್ಟು ಸಾಕು, ಮಿಕ್ಕ ಅಣುಗಳೆಲ್ಲ ಆ ಅಚ್ಚಿನಲ್ಲೇ ಬೀಳುತ್ತವೆ. ನೂರರಲ್ಲಿ 95ಕ್ಕಿಂತ ಜಾಸ್ತಿ ಒಂದೇ ಕೈ ಬರಬೇಕು. ನನಗೆ ಬರುತ್ತಿದ್ದದ್ದು 50.

ತಪ್ಪು ಯಾರದ್ದು ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಮಳೆಯದ್ದು!

ಈ ರಿಯಾಕ್ಷನ್ನಿಗೆ ನೀರು ಅಂದರೆ ಆಗುವುದಿಲ್ಲ. ಟೈಟಾನಿಯಂ ಬಾಟಲಿಯ ಮುಚ್ಚಳ ತೆಗೆದರೆ ಗಾಳಿಯ ತೇವಕ್ಕೇ ಬಾಯಿಯ ಸುತ್ತ ಬೆಳ್ಳಗೆ ಪುಡಿ ಕಟ್ಟುತ್ತದೆ. ಮಂಗಳೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಯಾವುದು ನೀರು ಯಾವುದು ಅಂತ ಹೇಳುವುದೇ ಕಷ್ಟ. ಉಪ್ಪು ಡಬ್ಬಿಯಲ್ಲೇ ಕರಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಕಪಾಟಿನಲ್ಲಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ. ಇಂಥ ಊರಲ್ಲಿ ಕೂತು ಶಾರ್ಪ್‌ಲೆಸ್ ಮಾಡ್ತೇನೆ ಅಂತ ಹೊರಟದ್ದೇ ತಪ್ಪು ಅಂದುಕೊಂಡೆ.

ಹಾಗಾಗಿ ನೀರಿನ ಮೇಲೆ ಯುದ್ಧ. ಸಾಲ್ವೆಂಟನ್ನು ಎರಡೆರಡು ಸಲ ಬಟ್ಟಿ ಇಳಿಸಿದೆ. ಗಾಜಿನ ಸಾಮಾನನ್ನು ರಾತ್ರಿಯಿಡೀ ಅವನ್‌ನಲ್ಲಿಟ್ಟೆ. ನೀರು ಹೀರುವ ಮಾಲಿಕ್ಯುಲರ್ ಸೀವ್ ಅಂತ ಸಣ್ಣ ಗುಳಿಗೆಗಳಿವೆ, ಅವನ್ನು 200 ಡಿಗ್ರಿ ಮೇಲೆ ಗಂಟೆಗಟ್ಟಲೆ ಕಾಯಿಸಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಎರಡು ರಾತ್ರಿ ಅವನ್ ಮುಂದೆ ಕುರ್ಚಿಯಲ್ಲೇ ನಿದ್ದೆ ಮಾಡಿದೆ.

ಮತ್ತೆ ಮಂಜುಗಡ್ಡೆ. ಮೈನಸ್ 20 ಡಿಗ್ರಿಯಲ್ಲಿ ಇಡುವ ನಮ್ಮ ಚಿಲ್ಲರ್ ವೋಲ್ಟೇಜ್ ಇಳಿದಾಗಲೆಲ್ಲ ಮುಷ್ಕರ ಹೂಡುತ್ತಿತ್ತು. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಹತ್ತಿರ ಹತ್ತಿರ ಅಷ್ಟೇ ತಂಪು ಸಿಗುತ್ತದೆ. ಆದರೆ ಲ್ಯಾಬಿನ ಐಸ್ ಮೆಷಿನ್ ಕೂಡ ಕೆಟ್ಟು ಕೂತಿತ್ತು. ಆಗಸ್ಟ್ 1ಕ್ಕೆ ಮೀನುಗಾರಿಕೆ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿದಿದ್ದವು, ಐಸ್ ಪ್ಲಾಂಟುಗಳೂ ಶುರುವಾಗಿದ್ದವು. ಥರ್ಮೊಕೋಲ್ ಡಬ್ಬಿ ಸ್ಕೂಟರಿನ ಕಾಲ ಹತ್ತಿರ ಇಟ್ಟುಕೊಂಡು ಬಂದರಿನ ದಕ್ಕೆಗೆ ಹೋದೆ. ಪುಡಿ ಐಸ್ ತುಂಬಿಸಿದವ ನನ್ನನ್ನೂ ಡಬ್ಬಿಯನ್ನೂ ನೋಡಿ, "ಮೀನ್ ಓಲುಂಡು?" ಅಂದ. ಮೀನಿಲ್ಲ, ಟೈಟಾನಿಯಂ ಇದೆ ಅಂತ ಹೇಳಲಾಗುತ್ತದಾ? ಸುಮ್ನೆ ನಕ್ಕೆ. ಆ ವಾರ ನನ್ನ ಫ್ಯೂಮ್ ಹುಡ್ ತುಂಬ ಬಂಗುಡೆ ವಾಸನೆ.

ಅದೇ ಐಸಿನಲ್ಲಿ ಮಾಡಿದ್ದು ಆರನೇ ರಿಯಾಕ್ಷನ್. ಅದರ ರಿಸಲ್ಟ್ ಬಂದದ್ದು ಆಟಿ ಅಮಾವಾಸ್ಯೆಯ ದಿನ.

ಆಟಿ ಅಮಾವಾಸ್ಯೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ತುಳುನಾಡಿನಲ್ಲಿ ಆ ದಿನ ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ತೊಗಟೆ ತರುತ್ತಾರೆ. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಅರೆದು, ರಸ ಹಿಂಡಿ, ಕಾದ ಬಿಳಿಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಚುಂಯ್ ಅನ್ನುತ್ತದೆ. ಮತ್ತೆ ಖಾಲಿ ಹೊಟ್ಟೆಗೆ ಒಂದು ಲೋಟ, ಮೂಗು ಮುಚ್ಚಿಕೊಂಡು. ಅದರ ಕಹಿಗೆ ಕಾರಣ ಆಲ್ಕಲಾಯ್ಡ್‌ಗಳು. ಆ ಮರ ಸುರಿವ ಮಳೆಯಲ್ಲಿ ತೊಪ್ಪೆಯಾಗಿ ನಿಂತು, ಸೀವೂ ಇಲ್ಲದೆ ಐಸೂ ಇಲ್ಲದೆ, ಅವನ್ನು ಒಂದೇ ಕೈಯಲ್ಲಿ ಮಾಡುತ್ತದಲ್ಲ ಅಂತ ಆ ಬೆಳಿಗ್ಗೆ ನನಗೆ ನಿಜವಾಗಿ ಹೊಟ್ಟೆ ಉರಿದಿತ್ತು.

ಕುಡಿಯುವ ಮೊದಲು ಅಮ್ಮ ಪ್ರತಿ ವರ್ಷದ ಪ್ರಶ್ನೆ ಕೇಳಿದರು. "ಪಾಲೆಯೇ ಅಲ್ವಾ?" ಕತ್ತಲಲ್ಲಿ ಪಾಲೆ ಅಂದುಕೊಂಡು ಕಾಸರಕದ ತೊಗಟೆ ತಂದರೆ ಮುಗಿಯಿತು. ಕಾಸರಕದಲ್ಲಿರುವುದು ಸ್ಟ್ರಿಕ್ನಿನ್. (ಜೊತೆಗೆ ಬ್ರೂಸಿನ್ ಕೂಡ ಇದೆ, ಎಡ ಬಲ ಬೆರೆತ ಆಮ್ಲಗಳನ್ನು ಬೇರೆ ಮಾಡಲು ರಸಾಯನಶಾಸ್ತ್ರದವರು ತುಂಬ ಹಿಂದಿನಿಂದ ಬಳಸಿದ ವಸ್ತು. ಇದನ್ನು ಅಮ್ಮನಿಗೆ ಹೇಳುವ ಸಮಯ ಅದಾಗಿರಲಿಲ್ಲ.) ಅಪ್ಪನ ಉತ್ತರವೂ ಪ್ರತಿ ವರ್ಷದ್ದೇ. "ನಿನ್ನೆ ಹಗಲಲ್ಲೇ ಹೋಗಿ ಎಲೆ ನೋಡಿದ್ದೇನೆ. ಒಂದು ಗೆಣ್ಣಿಗೆ ಸುತ್ತ ಏಳೆಲೆ. ಬಾಳೆನಾರು ಕಟ್ಟಿ ಬಂದಿದ್ದೇನೆ."

ಲ್ಯಾಬಿಗೆ ಬಂದು ಎರಡು ಗುಡ್ಡೆ ನೋಡಿ ನನ್ನ ಗೈಡ್ ಸರ್ ಹತ್ತಿರ ಹೋದೆ. ಅಳು ಬರುವ ಹಾಗಿತ್ತು. "ಸರ್, ಈ ಊರಲ್ಲಿ ಮಳೆ ನಿಲ್ಲುವವರೆಗೆ ಇದು ಆಗುವುದಿಲ್ಲ" ಅಂದೆ. ಅವರು ಪ್ರಿಂಟ್ ನೋಡಿದರು. ತುಂಬ ಹೊತ್ತು ನೋಡಿದರು.

"ರಿಯಾಕ್ಷನ್ ಪೂರ್ತಿ ಆಗಿದೆಯಾ?"

"ಆಗಿದೆ ಸರ್. ಮೂರು ಗಂಟೆಯಲ್ಲಿ."

"ಬೆಳ್ಳಗೆ ಆಗಿತ್ತಾ?"

"ಇಲ್ಲ."

"ನೀರು ಒಳಗೆ ಹೋಗಿದ್ದರೆ ಕ್ಯಾಟಲಿಸ್ಟ್ ಸಾಯಬೇಕಿತ್ತು, ನಿಧಾನ ಆಗಬೇಕಿತ್ತು ಅಲ್ವಾ? 70 ಬಂದಿದ್ದರೆ ಮಳೆ ಅನ್ನಬಹುದಿತ್ತು. ಒಂದು ಸಲ 80, ಒಂದು ಸಲ 60 ಬಂದಿದ್ದರೂ ಒಪ್ಪುತ್ತಿದ್ದೆ. ಆರು ಸಲವೂ ಸರಿಯಾಗಿ 50? ಮಳೆಗೆ ಇಷ್ಟು ಶಿಸ್ತು ಇರುವುದಿಲ್ಲ."

ನಾನು ಸುಮ್ಮನೆ ನಿಂತೆ. ಆಗ ಯಾಕೋ ಬಾಳೆನಾರು ನೆನಪಾಯಿತು. ಟೈಟಾನಿಯಂ ನೋಡಿದ್ದೆ, ಪೆರಾಕ್ಸೈಡ್ ನೋಡಿದ್ದೆ, ಸಾಲ್ವೆಂಟ್ ನೋಡಿದ್ದೆ, ಕಡಲ ಐಸನ್ನೂ ನೋಡಿದ್ದೆ. ಟಾರ್ಟ್ರೇಟ್ ಬಾಟಲಿಯನ್ನು ಮಾತ್ರ ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಅದು ಫ್ರಿಜ್ಜಿನಲ್ಲಿತ್ತು, ಲೇಬಲ್ ಮೇಲೆ ಎಲ್-ಟಾರ್ಟ್ರೇಟ್ ಅಂತ ಬರೆದಿತ್ತು, ಬಳಸಿದೆ.

ಓಡಿ ಹೋಗಿ ತೆಗೆದೆ. ತೆಗೆದ ಕೂಡಲೇ ಎಂದಿನ ಹಾಗೆ ಬಾಟಲಿ ಬೆವರಿತು. ಲೇಬಲಿನ ಕಾಗದ ನೆನೆದು ನೆನೆದು ಅರ್ಧ ಹೋಗಿತ್ತು. 'ಎಲ್' ಅಕ್ಷರ ಸರಿಯಾಗಿತ್ತು. ಅದರ ಎಡಗಡೆ ಹೆಬ್ಬೆರಳು ಕೂರುವ ಜಾಗದಲ್ಲಿ ಶಾಯಿ ಉಜ್ಜಿಹೋದ ಒಂದು ಕಲೆ. ಕೆಳಗಿನ ಕ್ಯಾಟಲಾಗ್ ನಂಬರ್ ಓದಲು ಬರುತ್ತಿತ್ತು. ಹುಡುಕಿದರೆ 'ಡಿಎಲ್'.

ಅಂದರೆ ಎಡ ಬಲ ಅರ್ಧರ್ಧ ಬೆರೆತದ್ದು. ಹಿಂದಿನ ಸೀನಿಯರ್ ಯಾರೋ ಬೇರೆ ಕೆಲಸಕ್ಕೆ ತರಿಸಿ ಬಿಟ್ಟುಹೋಗಿದ್ದರು. ಕೈ ಕಲಿಸುವ ಮೇಷ್ಟ್ರೇ ಎರಡೂ ಕೈಯವರು. ಅರ್ಧ ಶಿಷ್ಯರು ಹೀಗೆ, ಅರ್ಧ ಹಾಗೆ.

ಖಾತ್ರಿಗೆ ಪೋಲಾರಿಮೀಟರಿಗೆ ಹಾಕಿದೆವು, ಅಣುಗಳು ಬೆಳಕನ್ನು ಯಾವ ಕಡೆ ತಿರುಗಿಸುತ್ತವೆ ಅಂತ ತೋರಿಸುವ ಯಂತ್ರ ಅದು. ಸೋಡಿಯಂ ದೀಪದ ಹಳದಿ ಬೆಳಕು, 589 ನ್ಯಾನೋಮೀಟರ್. ಎಲ್-ಟಾರ್ಟ್ರೇಟ್ ಆಗಿದ್ದರೆ ಬೆಳಕು ಬಲಕ್ಕೆ ತಿರುಗಬೇಕಿತ್ತು. (ಎಲ್ ಅಂದರೆ ಎಡ, ಆದರೂ ಬೆಳಕು ಬಲಕ್ಕೆ. ನಮ್ಮ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಮುರಿ ಅನ್ನುವ ಹಾಗೆ. ಅವರು ಅದನ್ನು ತಲೆಕೆಳಗೆ ಹಿಡಿಯುತ್ತಾರೆ ಅಷ್ಟೇ.) ಬಂದದ್ದು ಸೊನ್ನೆ. ಬೆಳಕು ಬಂದ ಹಾಗೇ ಹೋಯಿತು.

ಸರ್ ಬೈಯಲಿಲ್ಲ. ಕುರ್ಚಿ ಎಳೆದು ಕೂತು ಪಾಶ್ಚರ್ ಕಥೆ ಶುರು ಮಾಡಿದರು. ರೇಸಿಮಿಕ್ ಅನ್ನುವ ಹೆಸರೇ ಇದೇ ಟಾರ್ಟಾರಿಕ್ ಆಮ್ಲದಿಂದ ಬಂದದ್ದು, ದ್ರಾಕ್ಷಿ ಗೊಂಚಲಿನ ಲ್ಯಾಟಿನ್ ಹೆಸರು ಅದು. 1848ರಲ್ಲಿ ಪ್ಯಾರಿಸಿನಲ್ಲಿ ಪಾಶ್ಚರ್ ಇದರ ಸೋಡಿಯಂ ಅಮೋನಿಯಂ ಲವಣದ ಹರಳುಗಳನ್ನು ಎಡ ಬಲ ಅಂತ ಕೈಯಲ್ಲೇ ಹೆಕ್ಕಿ ಬೇರೆ ಮಾಡಿದರು. ಆ ಹರಳು ಹಾಗೆ ಬೇರೆ ಬೇರೆಯಾಗಿ ಕಟ್ಟುವುದು ಸುಮಾರು 27 ಡಿಗ್ರಿಗಿಂತ ತಂಪು ಇದ್ದರೆ ಮಾತ್ರ. "ಪಾಶ್ಚರ್ ಮಂಗಳೂರಿನಲ್ಲಿ ಹುಟ್ಟಿದ್ದರೆ ಏಪ್ರಿಲ್‌ನಲ್ಲಿ ಪ್ರಯೋಗ ಮಾಡಿ ಸೆಕೆಗೆ ಬೈದುಕೊಂಡು ಮನೆಗೆ ಹೋಗುತ್ತಿದ್ದರು" ಅಂದರು. ನನಗೆ ನಗು ಬಂತು, ಆರು ವಾರದಲ್ಲಿ ಮೊದಲ ಸಲ.

ಹೊಸ ಬಾಟಲಿ ಬೆಂಗಳೂರಿನಿಂದ ಬರಲು ಹನ್ನೆರಡು ದಿನ ಹಿಡಿಯಿತು. ಬಂದ ಕೂಡಲೇ ಮೊದಲು ಪೋಲಾರಿಮೀಟರಿಗೆ ಹಾಕಿದೆ, ಬೆಳಕು ಬಲಕ್ಕೆ ತಿರುಗಿತು. ಲೇಬಲ್ ಮೇಲೆ ಅಗಲದ ಸೆಲೋಟೇಪ್ ಸುತ್ತಿದೆ. ರಿಯಾಕ್ಷನ್ ಇಟ್ಟ ದಿನ ಹೊರಗೆ ಮಳೆ ಹೇಗೆ ಸುರಿಯುತ್ತಿತ್ತು ಅಂದರೆ ಕಾರಿಡಾರಿಗೇ ನೀರು ನುಗ್ಗಿತ್ತು. ಮರುದಿನ ಪರದೆಯ ಮೇಲೆ ಒಂದು ದೊಡ್ಡ ಗುಡ್ಡೆ. ಇನ್ನೊಂದರ ಜಾಗದಲ್ಲಿ ಗೆದ್ದಲ ಹುತ್ತದಷ್ಟು ಸಣ್ಣದೊಂದು ಉಬ್ಬು. 97 ಮತ್ತು 3.

ಅಮ್ಮನಿಗೆ ಫೋನ್ ಮಾಡಿದೆ. "ಪಾಲೆ ಮದ್ದು ಕುಡಿದದ್ದಕ್ಕೇ" ಅಂದರು.

ಆ ಆರು ಸೀಸೆ ಬಿಸಾಡಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಗುಡ್ಡೆ ಬಂತು ಅಂತ ಹೇಳಬೇಕಾದರೆ ಎರಡು ಗುಡ್ಡೆ ಎಲ್ಲೆಲ್ಲಿ ಬರುತ್ತವೆ ಅಂತ ಮೊದಲು ತೋರಿಸಬೇಕು. ಅದಕ್ಕೆ ಅಚ್ಚುಕಟ್ಟಾದ ರೇಸಿಮಿಕ್ ಬೇಕು. ಇಡೀ ಲ್ಯಾಬಿನಲ್ಲಿ ನನ್ನ ಹತ್ತಿರ ಇದ್ದಷ್ಟು ಯಾರ ಹತ್ತಿರವೂ ಇರಲಿಲ್ಲ. ನಾನು ಥೀಸಿಸ್ ಬರೆಯುವ ಹೊತ್ತಿಗೂ ಜೂನಿಯರ್‌ಗಳು ಸಣ್ಣ ಸೀಸೆ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಅಕ್ಕ, ನಿಮ್ಮ ರೇಸಿಮಿಕ್ ಸ್ವಲ್ಪ ಕೊಡ್ತೀರಾ?"